ಎಪ್ಪತ್ತೆಂಟು ಎಂದು ಬರೆದದ್ದೆಲ್ಲ ಎಪ್ಪತ್ತೆಂಟಲ್ಲ

ಪ್ರಶ್ನೆ: ನಮ್ಮ ಅಜ್ಜ ಗದಗದಿಂದ ಮುಂಬಯಿಗೆ ಬಂದು ಪರಳದ ಗಿರಣಿಯಲ್ಲಿ ಕೆಲಸಕ್ಕಿದ್ದವರು. ಅವರ ತಗಡಿನ ಟ್ರಂಕಿನಲ್ಲಿ 28 ಗ್ರಾಮಫೋನ್ ತಟ್ಟೆಗಳು ಸಿಕ್ಕಿವೆ. ಕೇಳೋಣವೆಂದು ಹೊಸ ಪ್ಲೇಯರ್ ತರಿಸಿದೆ. ಅದರಲ್ಲಿ 33 ಮತ್ತು 45 ಮಾತ್ರ ಇವೆ. ಚಿಕ್ಕಪ್ಪನ ಮನೆಯಲ್ಲಿರುವ ಹಳೆಯ ಪ್ಲೇಯರ್‌ನಲ್ಲಿ 16, 33, 45, 78 ಎಂದು ನಾಲ್ಕು ವೇಗಗಳಿವೆ. ಅದರಲ್ಲಿ 78ಕ್ಕೆ ಇಟ್ಟು ಹಾಕಿದರೆ ಕೆಲವು ತಟ್ಟೆಗಳಲ್ಲಿ ದೊಡ್ಡವರ ದನಿ ಹುಡುಗರ ದನಿಯಂತೆ ಕೇಳುತ್ತದೆ. ಇಷ್ಟೊಂದು ವೇಗಗಳು ಏಕೆ ಬಂದವು, ಏಕೆ ಹೋದವು? 16 ಎಂಬುದು ಯಾವುದಕ್ಕೆ? (ಡೊಂಬಿವಲಿಯ ಓದುಗರೊಬ್ಬರು)

ಉತ್ತರ: ಮೊದಲು ಒಂದು ಮಾತು. ಇದನ್ನು ಓದಿ ಮುಗಿಸುವವರೆಗೆ ಚಿಕ್ಕಪ್ಪನ ಪ್ಲೇಯರ್‌ನಲ್ಲಿ ಅಜ್ಜನ ತಟ್ಟೆಗಳನ್ನು ಹಾಕಬೇಡಿ. ವೇಗ ತಪ್ಪಿದರೆ ಹಾಡು ಕೆಡುತ್ತದೆ, ಮತ್ತೆ ಸರಿಮಾಡಿಕೊಳ್ಳಬಹುದು. ಮುಳ್ಳು ತಪ್ಪಿದರೆ ತಟ್ಟೆಯೇ ಕೆಡುತ್ತದೆ. ಮುಳ್ಳಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹುಡುಗರ ದನಿ.

ದಾದರಿನ ನನ್ನ ರಿಪೇರಿ ಕೋಣೆಗೆ ಬರುವವರಲ್ಲಿ ಹೆಚ್ಚಿನವರು ಇದನ್ನೇ ಹೇಳುತ್ತಾರೆ, ಹೇಳಿ ಪ್ಲೇಯರ್ ಕೆಟ್ಟಿದೆ ಎಂದು ತೀರ್ಮಾನಿಸುತ್ತಾರೆ. ಪ್ಲೇಯರ್ ಕೆಟ್ಟಿರಲೂಬಹುದು. ಆದರೆ ತಟ್ಟೆಗೆ 78 (ನಿಮಿಷಕ್ಕೆ ಇಷ್ಟು ಸುತ್ತು) ಎಂಬ ಅಂಕಿ ಅಂಟಿಕೊಂಡದ್ದು ತಡವಾಗಿ. 1880ರ ದಶಕದ ಕೊನೆಯಲ್ಲಿ ಎಮಿಲ್ ಬರ್ಲಿನರ್ ಗ್ರಾಮಫೋನ್ ಮಾಡಿದಾಗ ಅದನ್ನು ಕೈಯಿಂದ ತಿರುಗಿಸಬೇಕಿತ್ತು. ಒಬ್ಬನ ಕೈ 60, ಇನ್ನೊಬ್ಬನದು 80. ಅಮೆರಿಕದ ಎಲ್ಡ್ರಿಜ್ ಜಾನ್ಸನ್ 1896ರ ಹೊತ್ತಿಗೆ ಸ್ಪ್ರಿಂಗಿನ ಮೋಟರು ಮಾಡಿಕೊಟ್ಟ ಮೇಲೆ ತಿರುಗುವುದು ಒಂದು ಹದಕ್ಕೆ ಬಂತು. ಆದರೂ ಕಂಪನಿಗೊಂದು ಹದ. 72, 74, 76, ಕೊಲಂಬಿಯಾದವರ ಎಷ್ಟೋ ತಟ್ಟೆಗಳಿಗೆ 80, ಎಡಿಸನ್ನನ ದಪ್ಪ ತಟ್ಟೆಗೂ 80. ಪಾಥೆ ಕಂಪನಿಯ ಹಳೆಯ ತಟ್ಟೆ ಇನ್ನೂ ಜೋರು, ಅದೂ ಸಾಲದೆಂದು ಒಳಗಿನಿಂದ ಹೊರಕ್ಕೆ ಹಾಡುತ್ತಿತ್ತು. 1925ರಲ್ಲಿ ಮೈಕು, ವಿದ್ಯುತ್ತಿನ ಧ್ವನಿಮುದ್ರಣ ಬಂದ ಮೇಲೆಯೇ ಎಲ್ಲರೂ 78ರ ಸುತ್ತ ಬಂದು ನಿಂತದ್ದು.

ಅದೂ ಪೂರ್ತಿ 78 ಅಲ್ಲ. ಅಮೆರಿಕದ ಕರೆಂಟಿನಲ್ಲಿ ನಿಮಿಷಕ್ಕೆ 3600 ಸುತ್ತುವ ಮೋಟರಿಗೆ 46ಕ್ಕೆ ಒಂದರಂತೆ ಗೇರು ಹಾಕಿದರೆ 78.26 ಬರುತ್ತದೆ. 50 ಹರ್ಟ್ಸ್ ಕರೆಂಟಿರುವ ನಮ್ಮಂಥ ಕಡೆ ಹತ್ತಿರಕ್ಕೆ ಸಿಕ್ಕಿದ್ದು 77.92. ಎರಡನ್ನೂ ಉದಾರವಾಗಿ 78 ಎಂದು ಕರೆದರು. ಅಷ್ಟು ಸಣ್ಣ ವ್ಯತ್ಯಾಸ ಕಿವಿಗೆ ತಿಳಿಯುವುದಿಲ್ಲ. ಆದರೆ 74ರಲ್ಲಿ ಹಾಡಿದ್ದನ್ನು 78ರಲ್ಲಿ ಕೇಳಿದರೆ ಶ್ರುತಿ ಹತ್ತಿರ ಹತ್ತಿರ ಹಾರ್ಮೋನಿಯಂನ ಒಂದು ಮನೆ ಮೇಲೇರುತ್ತದೆ: ಬಿಳಿ ಒಂದರಲ್ಲಿ ಹಾಡಿದವರು ಕರಿ ಒಂದಕ್ಕೆ ಸ್ವಲ್ಪವೇ ಕಡಿಮೆಯಲ್ಲಿ ಹಾಡಿದಂತೆ ಕೇಳುತ್ತದೆ. ಲಯವೂ ಅಷ್ಟೇ ಓಡುತ್ತದೆ. ಹಳೆಯ ಕಾಲದವರು ಎಷ್ಟು ಚುರುಕಾಗಿ ತಾನು (ಸ್ವರಗಳ ಬಿರುಸಿನ ಓಟ) ಹೊಡೆಯುತ್ತಿದ್ದರು ಎಂದು ಬೆರಗಾಗುವ ರಸಿಕರನ್ನು ಕಂಡಿದ್ದೇನೆ. ಆ ಬೆರಗಿನಲ್ಲಿ ಒಂದು ಪಾಲು ಮೋಟರಿನದು.

ಈಗ ನಮ್ಮ ಕಡೆಯ ಕಥೆ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಅವರ ದನಿ ಹಿಡಿದ. ಮೈಕಿಲ್ಲ, ಕೊಂಬಿನಂಥ ತುತ್ತೂರಿಯ ಬಾಯಿಗೆ ಮುಖವಿಟ್ಟು ಹಾಡಬೇಕು. ಮೇಣದ ತಟ್ಟೆಯನ್ನು ತಿರುಗಿಸುತ್ತಿದ್ದದ್ದು ಭಾರದ ಗುಂಡು, ಬಾವಿಗೆ ಬಿಟ್ಟ ಕೊಡದಂತೆ ಮೆಲ್ಲಗೆ ಕೆಳಗಿಳಿಯುವ ಗುಂಡು. ಸ್ಪ್ರಿಂಗು ಸಡಿಲವಾಗುತ್ತಾ ಬಂದಂತೆ ಅದರ ಎಳೆತ ತಗ್ಗುತ್ತದೆ, ಗುಂಡಿನ ಎಳೆತ ತಗ್ಗುವುದಿಲ್ಲ, ಅದಕ್ಕಾಗಿ ಈ ಏರ್ಪಾಡು. ಒತ್ತಿ ತಯಾರಿಸುವ ಕಾರ್ಖಾನೆ ಜರ್ಮನಿಯ ಹ್ಯಾನೋವರಿನಲ್ಲಿತ್ತು. ಅಲ್ಲಿನವರಿಗೆ ಯಾರ ಹಾಡೆಂದು ಗುರುತು ಸಿಗಲೆಂದು ಹಾಡು ಮುಗಿದೊಡನೆ ತನ್ನ ಹೆಸರನ್ನು ತಾನೇ ಕೂಗಿ ಹೇಳುವುದು ಗೌಹರ್ ಜಾನ್ ಅವರ ರೂಢಿಯಾಯಿತು. ಕೊನೆಗಾಲದಲ್ಲಿ ಅವರು ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಹತ್ತು ಇಂಚಿನ ತಟ್ಟೆಯ ಒಂದು ಬದಿ ಹಾಡುವುದು ಮೂರು ನಿಮಿಷ, ತುಸು ಹೆಚ್ಚು. ಹನ್ನೆರಡು ಇಂಚಿನದು ನಾಲ್ಕೂವರೆ. ರಾತ್ರಿಯಿಡೀ ಒಂದು ರಾಗವನ್ನು ಹಿಡಿದು ಕೂರುವವರಿಗೆ ಈ ಲೆಕ್ಕ ಹೇಗಿರಬೇಡ! ಎಷ್ಟೋ ಉಸ್ತಾದರು ಹತ್ತಿರವೇ ಸುಳಿಯಲಿಲ್ಲ. ಸುಳಿದವರು ಹೊಸದೊಂದು ಕಲೆ ಕಲಿತರು: ಮೊದಲ ಸ್ವರಗುಚ್ಛದಲ್ಲೇ ರಾಗದ ಮುಖ ತೋರಿಸುವುದು, ವಿಲಂಬಿತವನ್ನು (ನಿಧಾನ ಲಯವನ್ನು) ಬಿಟ್ಟು ಮಧ್ಯಲಯದಲ್ಲೇ ಚೀಜು (ಹಾಡಿನ ಬಂದಿಶ್) ಎತ್ತಿಕೊಳ್ಳುವುದು, ಮೂರನೆಯ ನಿಮಿಷಕ್ಕೆ ಸರಿಯಾಗಿ ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಬಂದು ಇಳಿಯುವುದು. ಗಾಯಕ ಅಬ್ದುಲ್ ಕರೀಂ ಖಾನರ ತಟ್ಟೆಗಳಲ್ಲಿ ಅವಸರ ಎಲ್ಲಿದೆ, ಹುಡುಕಿ ನೋಡಿ. ನಿಮ್ಮ ಅಜ್ಜನ ಊರು ಗದಗ ಎಂದಿರಿ. ಅದೇ ಗದಗದ ಹುಡುಗ ಭೀಮಸೇನ ಜೋಶಿ ಅಂಗಡಿಯೊಂದರಲ್ಲಿ ಹಾಕಿದ್ದ ಕರೀಂ ಖಾನರ ತಟ್ಟೆ ಕೇಳಿಯೇ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟದ್ದು, ಮುಂದೆ ಪುಣೆಯವರೇ ಆದದ್ದು. ಮೂರು ನಿಮಿಷ ಸಾಲುತ್ತದೋ ಇಲ್ಲವೋ ಎಂಬ ಚರ್ಚೆ ಬಂದಾಗಲೆಲ್ಲ ನಾನು ಈ ಕಥೆ ಹೇಳಿ ಸುಮ್ಮನಾಗುತ್ತೇನೆ.

ಈ ತಟ್ಟೆಗಳನ್ನು ಪ್ಲಾಸ್ಟಿಕ್ ಎಂದುಕೊಂಡವರೇ ಬಹಳ. ಅವು ಅರಗು. ನಮ್ಮ ಕಾಡಿನ ಮರಗಳಲ್ಲಿ ಹುಳು ಕಟ್ಟುವ ಅರಗನ್ನು ಶುದ್ಧಮಾಡಿ, ಕಲ್ಲಿನ ಪುಡಿ, ಕಾಡಿಗೆ, ಹತ್ತಿಯ ನಾರು ಸೇರಿಸಿ, ಬಿಸಿಮಾಡಿ ಅಚ್ಚಿಗೆ ಒತ್ತಿದ ರೊಟ್ಟಿ. ಚೋರ್ ಬಜಾರಿನ ಮಟನ್ ಸ್ಟ್ರೀಟಿನ ವ್ಯಾಪಾರಿಗಳು ಇದನ್ನು ‘ತವಾ’ ಎನ್ನುತ್ತಾರೆ, ಹಂಚು. ಕೈಗೆತ್ತಿಕೊಂಡರೆ ತೂಕವೂ ಹಾಗೆಯೇ. ಜಗತ್ತಿಗೆ ಅರಗು ಹೋಗುತ್ತಿದ್ದದ್ದು ಹೆಚ್ಚಾಗಿ ಇಲ್ಲಿಂದಲೇ. ಎರಡನೆಯ ಮಹಾಯುದ್ಧದಲ್ಲಿ ಹಡಗುಗಳು ನಿಂತಾಗ ಅಮೆರಿಕದ ಸರಕಾರ 1942ರಲ್ಲಿ ತಟ್ಟೆಗಳಿಗೆ ಬಳಸುವ ಅರಗಿನಲ್ಲಿ ಶೇಕಡಾ 70ರಷ್ಟು ಕಡಿತ ಮಾಡಿತು. ಅಲ್ಲಿಯವರು ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಕಡೆ ಗಂಭೀರವಾಗಿ ತಿರುಗಲು ಇದೂ ಒಂದು ಕಾರಣ.

ವಿನೈಲ್ ನುಣುಪು. ಕಲ್ಲುಪುಡಿಯಿಲ್ಲ, ಆದ್ದರಿಂದ ಸರಸರ ಸದ್ದಿಲ್ಲ. ಹಾಡು ಬರೆದಿರುವ ಗೀರನ್ನು ಕೂದಲೆಳೆಯಷ್ಟು ಸಣ್ಣ ಮಾಡಬಹುದು. ಅರಗಿನ ತಟ್ಟೆಯಲ್ಲಿ ಇಂಚಿಗೆ ನೂರರ ಆಸುಪಾಸು ಗೀರುಗಳಿದ್ದರೆ ಇದರಲ್ಲಿ ಇನ್ನೂರಕ್ಕೂ ಹೆಚ್ಚು. 1948ರ ಜೂನಿನಲ್ಲಿ ಕೊಲಂಬಿಯಾ ಕಂಪನಿ ನ್ಯೂಯಾರ್ಕಿನಲ್ಲಿ ಎಲ್.ಪಿ. (ಲಾಂಗ್ ಪ್ಲೇ, ಹೆಚ್ಚು ಹೊತ್ತು ಹಾಡುವ ತಟ್ಟೆ) ತೋರಿಸಿತು: 12 ಇಂಚು, 33⅓ ಸುತ್ತು, ಬದಿಗೆ ಇಪ್ಪತ್ತು ನಿಮಿಷದ ಮೇಲೆ. ವೇಗ ಹೊಸದಲ್ಲ. 1926ರಲ್ಲಿ ಮೂಕಿ ಚಿತ್ರಗಳಿಗೆ ದನಿ ಕೂಡಿಸಿದ ವೈಟಾಫೋನ್ ಯಂತ್ರದ್ದು ಅದು. ಸಾವಿರ ಅಡಿಯ ರೀಲು ಓಡುವ 11 ನಿಮಿಷಕ್ಕೆ ಒಂದು ಬದಿ ಸಾಲಬೇಕೆಂದು 16 ಇಂಚಿನ ತಟ್ಟೆಯನ್ನು ಆ ವೇಗಕ್ಕೆ ಇಳಿಸಿದ್ದರು. ಆರ್‌ಸಿಎ ವಿಕ್ಟರ್ 1931ರಲ್ಲಿ ಇದೇ ವೇಗವನ್ನು ಮನೆಗಳಿಗೆ ಮಾರಲು ಹೋಗಿ ಕೈಸುಟ್ಟುಕೊಂಡಿತ್ತು. ಹೊಟ್ಟೆಗಿಲ್ಲದ ಆ ವರ್ಷಗಳಲ್ಲಿ ಹೊಸ ಪ್ಲೇಯರ್ ಕೊಳ್ಳುವವರು ಯಾರು?

ಕೈಸುಟ್ಟುಕೊಂಡವರಿಗೆ ಎದುರಾಳಿ ಗೆದ್ದರೆ ಇನ್ನೂ ಉರಿ. 1949ರಲ್ಲಿ ಆರ್‌ಸಿಎ ತನ್ನದೇ 45ನ್ನು ಇಳಿಸಿತು, ಏಳಿಂಚಿನ ತಟ್ಟೆ, ನಡುವೆ ಒಂದೂವರೆ ಇಂಚಿನ ತೂತು. ಇನ್ನೊಬ್ಬರ ಯಂತ್ರದಲ್ಲಿ ಅದು ಹಾಗೆಯೇ ಕೂರುತ್ತಿರಲಿಲ್ಲ! 78ರಲ್ಲಿ 33 ಕಳೆದು 45 ಮಾಡಿದರು ಎಂಬ ಮಾತು ಚಂದವಾಗಿದೆ, ನಂಬಬೇಡಿ. ಒಳಗಿನ ಗೀರಿನ ಸುತ್ತಳತೆ ಹೊರಗಿನದರ ಅರ್ಧಕ್ಕೆ ನಿಂತರೆ ಅತಿ ಹೆಚ್ಚು ಹೊತ್ತು ಸಿಗುತ್ತದೆ ಎಂಬ ಲೆಕ್ಕ ಹಿಡಿದು, ಸದ್ದು ಇಷ್ಟಕ್ಕಿಂತ ಕೆಡಬಾರದೆಂದು ಮಿತಿ ಹಾಕಿಕೊಂಡು ಅವರ ಎಂಜಿನಿಯರುಗಳು ಅಲ್ಲಿಗೆ ತಲುಪಿದರು. ಎರಡು ವರ್ಷ ಜಗಳವಾಡಿ ಕೊನೆಗೆ ಇಬ್ಬರೂ ಪಾಲು ಮಾಡಿಕೊಂಡರು: ಉದ್ದದ ಸಂಗೀತ 33⅓ಕ್ಕೆ, ಬಿಡಿ ಹಾಡು 45ಕ್ಕೆ. ಇಬ್ಬರ ನಡುವೆ ಮುದುಕ 78ಕ್ಕೆ ಅಮೆರಿಕ, ಇಂಗ್ಲೆಂಡುಗಳಲ್ಲಿ 1960ರ ಹೊತ್ತಿಗೆ ಜಾಗವೇ ಉಳಿಯಲಿಲ್ಲ.

ವೇಗ ಇಳಿಸಿದರೆ ಹೊತ್ತು ಸಿಗುತ್ತದೆ, ಸರಿ. ಹೋಗುವುದು ಏನು? ಮುಳ್ಳಿನ ಕೆಳಗೆ ಗೀರು ಹರಿಯುವ ಓಟ. ಹತ್ತು ಇಂಚಿನ 78ರ ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು ಒಂದು ಮೀಟರ್ ಗೀರು ಸರಿಯುತ್ತದೆ. ಎಲ್.ಪಿ.ಯ ಹೊರ ಅಂಚಿನಲ್ಲಿ 51 ಸೆಂಟಿಮೀಟರ್, ಅದೇ ಎಲ್.ಪಿ.ಯ ಒಳಗಿನ ಕೊನೆಯ ಗೀರಿನಲ್ಲಿ 21. ಅಷ್ಟೇ ಜಾಗದಲ್ಲಿ ಅಷ್ಟೂ ಅಲೆಗಳನ್ನು ಬರೆಯಬೇಕು. ಗಿರಣಿಯ ಚಾಳಿನಿಂದ ಊರಿಗೆ ಬರೆಯುತ್ತಿದ್ದ ಇನ್‌ಲ್ಯಾಂಡ್ ಪತ್ರ ನೆನಪಿದೆಯೇ? ಮೊದಲ ಪುಟದಲ್ಲಿ ದುಂಡಗಿನ ಅಕ್ಷರ, ಕೊನೆಯ ಮಡಿಕೆಯಲ್ಲಿ ಇರುವೆ ಸಾಲು. ಖಯಾಲ್ ಗಾಯನಕ್ಕೆ ಇದು ದೊಡ್ಡ ಅನ್ಯಾಯ. ನಮ್ಮವರು ನಿಧಾನಕ್ಕೆ ಶುರುಮಾಡಿ ದ್ರುತದಲ್ಲಿ ಮುಗಿಸುತ್ತಾರೆ. ಅತಿ ಬಿರುಸಿನ ತಾನುಗಳು ಬಂದು ಬೀಳುವುದು ಸದ್ದು ಅತಿ ಬಡವಾಗಿರುವ ಒಳ ಗೀರುಗಳಲ್ಲಿ.

ಆದರೂ ಎಲ್.ಪಿ. ನಮ್ಮ ಸಂಗೀತಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. 1955ರಲ್ಲಿ ಅಲಿ ಅಕ್ಬರ್ ಖಾನ್ ನ್ಯೂಯಾರ್ಕಿನಲ್ಲಿ ಒಂದು ಬದಿಗೆ ಒಂದೇ ರಾಗದಂತೆ ಸರೋದ್ ನುಡಿಸಿ ಮುದ್ರಿಸಿದಾಗ ಆಲಾಪಕ್ಕೆ ಮೊದಲ ಬಾರಿಗೆ ತಟ್ಟೆಯಲ್ಲಿ ಕಾಲುಚಾಚಲು ಜಾಗ ಸಿಕ್ಕಿತು.

ಇಲ್ಲಿ 78 ಬೇಗ ಸಾಯಲಿಲ್ಲ. ಕಲ್ಕತ್ತೆಯ ಡಂಡಂ ಕಾರ್ಖಾನೆ 1960ರ ದಶಕವಿಡೀ ಅದನ್ನು ಒತ್ತುತ್ತಲೇ ಇತ್ತು. ಬೀಟಲ್ಸ್‌ನ ಹಾಡುಗಳು ಕೂಡ ಇಲ್ಲಿ 78ರಲ್ಲಿ ಬಂದವು, ಅವನ್ನು ಇಂದು ವಿದೇಶದ ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ. ನಮ್ಮ ಮುಂಬಯಿಯಲ್ಲೂ ವಡಾಲೆಯಲ್ಲಿ ‘ಯಂಗ್ ಇಂಡಿಯಾ’ ಹೆಸರಿನ ತಟ್ಟೆಗಳ ಕಾರ್ಖಾನೆಯಿತ್ತು. ಟ್ರಂಕಿನಲ್ಲಿ ಆ ಲೇಬಲ್ಲು ಕಂಡರೆ ಆಶ್ಚರ್ಯವಿಲ್ಲ, ಪರಳದಿಂದ ವಡಾಲೆ ಎಷ್ಟು ದೂರ! ತಟ್ಟೆ ಏಕೆ ಬದುಕಿತು ಎಂದರೆ ಕರೆಂಟಿಲ್ಲದ ಊರುಗಳಲ್ಲಿ ಚಾವಿ ಕೊಡುವ ಗ್ರಾಮಫೋನು ಬದುಕಿತ್ತು. ಆ ಯಂತ್ರಕ್ಕೆ ಗೊತ್ತಿರುವುದು ಒಂದೇ ವೇಗ. ಅದರ ಸೌಂಡ್‌ಬಾಕ್ಸು (ಮುಳ್ಳು ಹಿಡಿದಿರುವ ಭಾರದ ತಲೆ) ಎಲ್.ಪಿ. ಮೇಲೆ ಇಟ್ಟರೆ ಉಳುಮೆ ಮಾಡಿದ ಹಾಗೆ. 70ರ ದಶಕದ ಆರಂಭದ ಹೊತ್ತಿಗೆ 78 ಮುಗಿಯಿತು, 45ರ ಇ.ಪಿ.ಗಳು (ಎಕ್ಸ್‌ಟೆಂಡೆಡ್ ಪ್ಲೇ, ಏಳಿಂಚಿನ ತಟ್ಟೆಗಳು) ಸಿನಿಮಾ ಹಾಡುಗಳನ್ನು ಹೊತ್ತು ಇನ್ನಷ್ಟು ವರ್ಷ ನಡೆದವು, 80ರ ದಶಕದಲ್ಲಿ ಕ್ಯಾಸೆಟ್ ಬಂದು ಎಲ್ಲರನ್ನೂ ಗುಡಿಸಿಹಾಕಿತು. ಈಗ ವಿನೈಲ್ ಮರಳಿ ಬಂದಿದೆ ಎನ್ನುತ್ತಾರೆ. ಬಂದಿರುವುದು 33 ಮತ್ತು 45. ಅದಕ್ಕೇ ನಿಮ್ಮ ಹೊಸ ಪ್ಲೇಯರ್‌ನಲ್ಲಿ ಅವೆರಡೇ ಇವೆ.

ಇನ್ನು 16. ನಿಜವಾದ ಅಂಕಿ 16⅔, ಎಲ್.ಪಿ.ಯ ಸರಿಯಾಗಿ ಅರ್ಧ. 1956ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ಕಾರಿನ ಡ್ಯಾಷ್‌ಬೋರ್ಡಿನ ಕೆಳಗೆ ಪ್ಲೇಯರ್ ಕೂರಿಸಿತು. ಏಳಿಂಚಿನ ತಟ್ಟೆಯ ಒಂದು ಬದಿ ಮುಕ್ಕಾಲು ಗಂಟೆ ಓಡುತ್ತಿತ್ತು. ರಸ್ತೆಯ ಕುಲುಕಾಟಕ್ಕೆ ಮುಳ್ಳು, ಗ್ಯಾರೇಜಿನ ಖರ್ಚಿಗೆ ಕಂಪನಿ, ಎರಡೂ ತಾಳಲಿಲ್ಲ. ಕೆಲವೇ ವರ್ಷಗಳಲ್ಲಿ ನಿಂತಿತು. ಏಳಿಂಚಿನ ತಟ್ಟೆ ಆ ವೇಗದಲ್ಲಿ ತಿರುಗಿದರೆ ಹೊರ ಅಂಚಿನಲ್ಲೇ ಗೀರಿನ ಓಟ ಸೆಕೆಂಡಿಗೆ 15 ಸೆಂಟಿಮೀಟರ್, ಹಾಡಿಗೆ ಇದು ಸಾಲದು. ಮಾತಿಗೆ ಸಾಕು. ಅಮೆರಿಕದಲ್ಲಿ ಅಂಧರಿಗಾಗಿ ಪುಸ್ತಕಗಳನ್ನು ಓದಿ ಮುದ್ರಿಸಿದ ತಟ್ಟೆಗಳು ಈ ವೇಗದಲ್ಲಿ, ಮುಂದೆ ಇದರ ಅರ್ಧ 8⅓ರಲ್ಲೂ ಬಂದವು. ಗ್ಯಾರಾರ್ಡ್‌ನಂಥ ಪ್ಲೇಯರ್ ಕಂಪನಿಗಳು ಇರಲಿ ಎಂದು 16ನ್ನೂ ಗುಂಡಿಯ ಮೇಲೆ ಕೆತ್ತಿದವು. ನಮ್ಮಲ್ಲಿ ಆ ಗುಂಡಿ ಇದ್ದ ಪ್ಲೇಯರುಗಳು ಬೇಕಾದಷ್ಟು, 16ರ ತಟ್ಟೆ ಕಂಡವರು ಇಲ್ಲವೆನ್ನುವಷ್ಟು ವಿರಳ.

ಆದರೆ ಅದಕ್ಕೆ ಒಂದು ಉಪಯೋಗವಿತ್ತು, ಕಂಪನಿಯವರು ಕನಸಲ್ಲೂ ಎಣಿಸದ ಉಪಯೋಗ. ಮಾಟುಂಗದಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಪಕ್ಕದಲ್ಲಿ ಸಿತಾರ್ ಕಲಿಯುವವರೊಬ್ಬರಿದ್ದರು. ರಾತ್ರಿ ಗೋಡೆಯಾಚೆ ಯಾರೋ ಕರಡಿ ಸಿತಾರ್ ನುಡಿಸುತ್ತಿರುವಂತೆ ಸದ್ದು. ಒಂದು ದಿನ ತಡೆಯಲಾರದೆ ಬಾಗಿಲು ತಟ್ಟಿದೆ. ನೆಲದ ಮೇಲೆ ಪ್ಲೇಯರ್, ಗುಂಡಿ 16ರಲ್ಲಿ, ಮೇಲೆ 33ರ ಎಲ್.ಪಿ. ವೇಗ ಸರಿಯಾಗಿ ಅರ್ಧವಾದರೆ ಶ್ರುತಿ ಸರಿಯಾಗಿ ಒಂದು ಸಪ್ತಕ ಕೆಳಗಿಳಿಯುತ್ತದೆ. ಸಾ ಸಾ ಆಗಿಯೇ ಇರುತ್ತದೆ, ಪಾ ಪಾ ಆಗಿಯೇ. ತಮ್ಮ ಸಿತಾರಿನ ತಂತಿ ಮುಟ್ಟಬೇಕಾಗಿಲ್ಲ. ಬೇರೆ ಯಾವ ಎರಡು ವೇಗಗಳ ನಡುವೆಯೂ ಈ ಲೆಕ್ಕ ಕೂಡುವುದಿಲ್ಲ: 33ನ್ನು 45ರಲ್ಲಿ ಹಾಕಿದರೆ ಸಾ ಹೋಗಿ ಮಧ್ಯಮದ ಮೇಲೆ ಎಲ್ಲೋ ತೊಡರಿಕೊಳ್ಳುತ್ತದೆ. ಮಿಂಚಿ ಮರೆಯಾಗುವ ತಾನು ಅರ್ಧ ವೇಗದಲ್ಲಿ ಒಂದೊಂದೇ ಬೆರಳಾಗಿ ಬಿಚ್ಚಿಕೊಳ್ಳುತ್ತಿತ್ತು. ಅವರು ತಮ್ಮ ಗುರುಗಳಿಗೆ ಇದನ್ನು ಹೇಳಿರಲಿಲ್ಲ. ಯಾರಿಗೂ ಹೇಳಬೇಡಿ ಎಂದು ನನಗೂ ಚಹಾ ಕೊಟ್ಟರು.

ಈಗ ನಿಮ್ಮ ಕೆಲಸ. ಚಿಕ್ಕಪ್ಪನ ಪ್ಲೇಯರ್‌ನ ತೋಳಿನ ತುದಿಯನ್ನು ಕೆಳಗಿನಿಂದ ನೋಡಿ. ಆ ಕಾಲದ ಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ಕಿವಿ ಇರುತ್ತದೆ, ತಿರುವಿದರೆ ಒಂದು ಕಡೆ ‘78’, ಇನ್ನೊಂದು ಕಡೆ ‘ಎಲ್.ಪಿ.’. ಅರಗಿನ ತಟ್ಟೆಯ ಗೀರು ಅಗಲ; ಅದಕ್ಕೆ ಬೇಕಾದ ಮುಳ್ಳಿನ ತುದಿ ಮಿಲಿಮೀಟರಿನ ಸಾವಿರ ಪಾಲಿನಲ್ಲಿ 75 ಪಾಲಿನಷ್ಟು ದುಂಡಗೆ. ಎಲ್.ಪಿ. ಮುಳ್ಳು ಅದರ ಮೂರನೆಯ ಒಂದು ಪಾಲು, ಸ್ಟೀರಿಯೊದ್ದಾದರೆ ಇನ್ನೂ ಸಣ್ಣದು. ಅದನ್ನು ಅರಗಿನ ತಟ್ಟೆಗೆ ಹಾಕಿದರೆ ಗೀರಿನ ಗೋಡೆಗೆ ತಾಗದೆ ತಳದ ಕೊಳೆಯಲ್ಲಿ ಉರುಳಾಡುತ್ತದೆ. ಕೇಳುವುದು ಕಾವಲಿಯ ಮೇಲೆ ಒಗ್ಗರಣೆ. 78ರ ಮುಳ್ಳನ್ನು ಎಲ್.ಪಿ. ಮೇಲೆ ಹಾಕುವುದಂತೂ ಪಾಪ. ಕಿವಿಯ 78ರ ಬದಿಯಲ್ಲಿ ಮುಳ್ಳು ಸವೆದಿದ್ದರೆ ಹೊಸದನ್ನು ತರಿಸಿ, ಈಗಲೂ ಮಾಡುತ್ತಾರೆ.

ಆಮೇಲೆ ವೇಗ. ಸ್ಟ್ರೋಬ್ ಚಕ್ರವೆಂಬ ಕಾಗದದ ಬಿಲ್ಲೆ ಸಿಗುತ್ತದೆ, 50 ಹರ್ಟ್ಸಿನದು ತೆಗೆದುಕೊಳ್ಳಿ. ಅದರ 78ರ ಬಳೆಯಲ್ಲಿ 77 ಕರಿ ಗೆರೆಗಳಿರುತ್ತವೆ. ತಿರುಗುವಾಗ ಆ ಗೆರೆಗಳು ನಿಂತಂತೆ ಕಂಡರೆ ವೇಗ ಸರಿ, ಮುಂದಕ್ಕೆ ತೆವಳಿದರೆ ಜೋರು, ಹಿಂದಕ್ಕೆ ಸರಿದರೆ ನಿಧಾನ. ಎಲ್‌ಇಡಿ ಬಲ್ಬಿನ ಕೆಳಗೆ ನೋಡಿ ಏನೂ ಕಾಣಲಿಲ್ಲವೆಂದು ದೂರಬೇಡಿ. ಎಷ್ಟೋ ಎಲ್‌ಇಡಿಗಳ ಬೆಳಕು ಮಿನುಗುವುದಿಲ್ಲ. ತಾಮ್ರದ ಚೋಕಿನ ಹಳೆಯ ಟ್ಯೂಬ್‌ಲೈಟು ಬೇಕು, ಜಿನೆಯ ಕೆಳಗೆ ಎಲ್ಲಾದರೂ ಇದ್ದೀತು.

ಯಂತ್ರ ಸರಿಯಿದ್ದೂ ದನಿ ಹುಡುಗರದಾಗಿದ್ದರೆ ತಟ್ಟೆಯೇ 78ರದ್ದಲ್ಲ. ಆಗ ಹಾರ್ಮೋನಿಯಂ ಹತ್ತಿರ ಇಟ್ಟುಕೊಳ್ಳಿ. ನಾಟಕದ ಪದಗಳಲ್ಲಿ, ಠುಮ್ರಿಗಳಲ್ಲಿ ಹಿಂದೆ ಪೆಟ್ಟಿಗೆ ನುಡಿಯುತ್ತಿರುತ್ತದೆ. ಅದರ ಸಾ ನಿಮ್ಮ ಪೆಟ್ಟಿಗೆಯ ಎರಡು ಮನೆಗಳ ನಡುವೆ ಬಿದ್ದರೆ ವೇಗದ ಮೇಲೆ ಅನುಮಾನ ಪಡಿ. ಆ ಕಾಲದ ಪೆಟ್ಟಿಗೆಗಳ ಶ್ರುತಿ ಇಂದಿನದಕ್ಕಿಂತ ಅಷ್ಟಿಷ್ಟು ಬೇರೆಯಿರುತ್ತಿತ್ತು, ಆದ್ದರಿಂದ ಇದೊಂದನ್ನೇ ನಂಬಬೇಡಿ, ಉಚ್ಚಾರ, ಉಸಿರು, ತಬಲಾದ ನಾದವನ್ನೂ ಕೇಳಿ. ಕಂಪ್ಯೂಟರಿಗೆ ಇಳಿಸಿಕೊಂಡು ವೇಗವನ್ನು ಒಂದೊಂದೇ ಸುತ್ತು ತಗ್ಗಿಸುತ್ತಾ ಬನ್ನಿ. ಹೊಸ ಪ್ಲೇಯರ್‌ನಲ್ಲೇ ಮಾಡಬೇಕೆಂದರೂ ದಾರಿಯಿದೆ: ಅದಕ್ಕೆ 78ರ ಮುಳ್ಳು ಹಾಕಿ, 45ರಲ್ಲಿ ನುಡಿಸಿ, ಕಂಪ್ಯೂಟರಿನಲ್ಲಿ 1.73 ಪಟ್ಟು ಓಡಿಸಿ. ಮಂದ್ರ, ತಾರಗಳ ಹದ ಸ್ವಲ್ಪ ತಪ್ಪುತ್ತದೆ, ಸರಿಪಡಿಸಿಕೊಳ್ಳಬೇಕು.

ತೊಳೆಯುವಾಗ ಸ್ಪಿರಿಟ್ ಮುಟ್ಟಬೇಡಿ. ಬಡಗಿಗಳು ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿಯೇ ಪಾಲಿಶ್ ಮಾಡುವುದು. ಇದು ಗೊತ್ತಿದ್ದೂ ಒಂದು ಮಳೆಗಾಲದಲ್ಲಿ ಬೂಷ್ಟು ಕಂಡು ಅವಸರಪಟ್ಟೆ. ಮರಾಠಿ ರಂಗನಟ ಬಾಲಗಂಧರ್ವರ ಒಂದು ನಾಟ್ಯಗೀತೆ ಹತ್ತಿಯ ಉಂಡೆಗೆ ಕರಿ ಮಸಿಯಾಗಿ ಅಂಟಿಕೊಂಡು ಬಂತು. ಆ ಹತ್ತಿಯನ್ನು ಬಹಳ ದಿನ ಎಸೆಯಲಾಗಲಿಲ್ಲ. ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ, ಮೆತ್ತನೆ ಬಟ್ಟೆ, ಲೇಬಲ್ಲಿಗೆ ನೀರು ತಾಗದಂತೆ, ಬೇಗ ಒರೆಸಿ ನಿಲ್ಲಿಸಿ. ತಟ್ಟೆಯನ್ನು ಬೆರಳಿನ ಮೇಲೆ ಹಿಡಿದು ಅಂಚಿಗೆ ಉಗುರಿನಿಂದ ತಟ್ಟಿ ನೋಡಿ, ಮಡಕೆ ಕೊಳ್ಳುವಾಗ ತಟ್ಟುವ ಹಾಗೆ. ಬಿರುಕಿದ್ದರೆ ಸದ್ದು ಸತ್ತಿರುತ್ತದೆ.

ಇಪ್ಪತ್ತೆಂಟರಲ್ಲಿ ಯಾವುದಾದರೂ ಒಂದೇ ಬದಿಗೆ ಗೀರಿದ್ದು ಇನ್ನೊಂದು ಬದಿ ನುಣ್ಣಗಿದ್ದರೆ ಅದು ತೀರ ಹಳೆಯದು, ಬಹುಶಃ ಅಜ್ಜ ಹುಟ್ಟುವ ಮೊದಲಿನದು. ಅದನ್ನು ತಟ್ಟುವುದೂ ಬೇಡ, ನುಡಿಸುವುದೂ ಬೇಡ. ಲೇಬಲ್ಲಿನ ಸುತ್ತ ಕೆತ್ತಿದ ಸಂಖ್ಯೆಯನ್ನು ಬರೆದುಕೊಂಡು ನನಗೆ ಕಳಿಸಿ.